ಎರಡೂವರೆ ಗುಡ್ಡ

ಭಾನುವಾರ ಕರೆಂಟ್ ಇರಲ್ಲ ಅಂತ ಶನಿವಾರವೇ ಗೊತ್ತಾಗಿ
ಎರ್ರೆಮ್ಮ ಅಂದಳು: ಮೂರೂ ಗುಡ್ಡ, ಒಂದೇ ದಿನ.
ನಾನು ಬಾಬಿನ್ ಬದಲಿಸುತ್ತಿದ್ದೆ. ಹೂಂ ಅಂದುಬಿಟ್ಟೆ.
ದಾರ ಬಾಯಲ್ಲಿತ್ತು, ಬೇರೇನೂ ಅನ್ನಲು ಬರುತ್ತಿರಲಿಲ್ಲ.

ಐದೂವರೆಗೆ ಕೌಲ್ ಬಜಾರಿನ ಮೂಲೆಯಲ್ಲಿ
ಅವಳು ಮಗನ ಬೂಟು ಹಾಕಿ ನಿಂತಿದ್ದಳು,
ತುದಿಗೆ ಚಿಂದಿ ತುರುಕಿದ್ದಾಳಂತೆ.
ನನ್ನ ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಎರಡು ಲೀಟರ್ ನೀರು.
ಹುಸೇನ್‌ಬಿಯ ಸೊಂಟಕ್ಕೆ ಬೆಲ್ಟು, ಡಾಕ್ಟರು ಬರೆದದ್ದು.
ಮೂವರಿಗೂ ಇಪ್ಪತ್ತು ವರ್ಷದಿಂದ ಗೊತ್ತಿರುವ ದಾರಿ
ಮೆಷಿನ್ನಿನ ಪೆಡಲ್ಲು. ತುಳಿದಷ್ಟೂ ಅಲ್ಲೇ.

ಕಾವಲಿನವನು ಬೀಗ ತೆಗೆಯುತ್ತಾ, ಫೋಟೋಕ್ಕೇನಮ್ಮಾ? ಅಂದ.
ಇಲ್ಲಪ್ಪ. ಹತ್ತಾಕ.

ಕೋಟೆ ಗುಡ್ಡಕ್ಕೆ ಮೆಟ್ಟಿಲಿವೆ, ಅದೇ ಕಷ್ಟ.
ಕಡಿದವರ ಕಾಲು ನಮಗಿಂತ ಉದ್ದವಿತ್ತು.
ನಾನು ನೂರಕ್ಕೆ ಎಣಿಸಿ ಬಿಟ್ಟೆ. ಹುಸೇನ್‌ಬಿ ಬಿಡಲಿಲ್ಲ,
ಜೇಬು ಲೆಕ್ಕ ಕೊಡುವ ಹಾಗೆ ಡಜನ್ನಿನಲ್ಲಿ ಎಣಿಸಿದಳು:
ಇಪ್ಪತ್ತೊಂಬತ್ತು ಡಜನ್, ಮೇಲೆ ನಾಲ್ಕು.

ಮೇಲೆ ಗಾಳಿ.
ಬಂಡೆಯ ಕುಳಿಯಲ್ಲಿ ಯಾವುದೋ ಹಳೇ ಮಳೆ,
ಅದರಲ್ಲೊಂದು ಕಪ್ಪೆ, ಯಾವ ಮೆಟ್ಟಿಲು ಹತ್ತಿ ಬಂತೋ.
ಕೆಳಗೆ ಊರು ಮಡಿಕೆ ಬಿಚ್ಚಿದ ಪ್ಯಾಂಟು:
ಒಂದು ಕಾಲು ರೈಲು ಹಳಿ, ಇನ್ನೊಂದು ಅನಂತಪುರ ರೋಡು,
ನಮ್ಮ ಗಲ್ಲಿ ಎಲ್ಲೋ ಹಿಂದಿನ ಜೇಬಿನಲ್ಲಿ.

ಇಲ್ಲಿ ಹುಟ್ಟಿದವರಿಗೆಲ್ಲ ಆ ಕಥೆ ಗೊತ್ತು.
ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರು
ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ನೋಡಲೇ ಇಲ್ಲವಂತೆ.
ನೇಣಿಗೆ ಹಾಕಿದರಂತೆ, ಬಾಗಿಲಲ್ಲೇ.
ನಾನು ಒಂದು ಕಣ್ಣು ಮುಚ್ಚಿದೆ, ಬೊಟ್ಟು ಅಡ್ಡ ಹಿಡಿದೆ.
ಟೇಪು ತರಬೇಕಿತ್ತು.
ಎರ್ರೆಮ್ಮ ಅಂದಳು: ಅರ್ಧ ಇಂಚು ಸೊಂಟ ತಪ್ಪಿದ್ರೆ
ಮೇಸ್ತ್ರಿ ಐವತ್ತು ರೂಪಾಯಿ ಹಿಡೀತಾನೆ,
ಆಗ ರೇಟು ಜಾಸ್ತಿ ಇತ್ತು ನೋಡು.
ನಕ್ಕೆವು. ಹುಸೇನ್‌ಬಿ ನಗಲಿಲ್ಲ.
ಅವನ ಹೆಂಡ್ತಿಗೆ ಯಾರು ತಿಳಿಸಿದ್ರು? ಅಂದಳು.
ಕಾಗದ ಹೋಗಾಕ ಹಡಗಿನಾಗ ಆರು ತಿಂಗಳು.
ಆರು ತಿಂಗಳು ಆಕಿ ಮನ್ಯಾಗ ಅವನು ಇದ್ದ.

ಇಳಿದು ಒಗ್ಗರಣೆ ಮಿರ್ಚಿ ತಿಂದೆವು.
ಅವಳು ಎರಡು ಪ್ಲೇಟು.

ಕುಂಬಾರ ಗುಡ್ಡಕ್ಕೆ ಮೆಟ್ಟಿಲಿಲ್ಲ, ಮೇಕೆ ಹೋದದ್ದೇ ದಾರಿ.
ರಸ್ತೆಯಿಂದ ಮಲಗಿದ ಗಂಡಸಿನ ಮುಖ ಅಂತಾರಲ್ಲ,
ಹತ್ತಿದರೆ ಮುಖ ಇರುವುದಿಲ್ಲ.
ಮೂಗಿರಬೇಕಾದಲ್ಲಿ ಪಾಪಾಸುಕಳ್ಳಿ,
ಕಣ್ಣಿನ ಕುಳಿಯಲ್ಲಿ ಬಾಟಲಿ ಚೂರು,
ಗದ್ದದ ಮೇಲೆ ಕೆಂಪು ತಲೆಯ ಓತಿಕ್ಯಾತ
ಪೈಲ್ವಾನನ ಹಾಗೆ ದಂಡ ಹೊಡೆಯುತ್ತಿತ್ತು.
ಹುಸೇನ್‌ಬಿಯನ್ನು ಎರಡು ಕಡೆ ಒಂದು ಸೆರಗು ಕಟ್ಟಿ ಎಳೆದೆವು.

ತಿರುಗಿ ನೋಡಿದರೆ ಕೋಟೆಯ ಒಳಗೆಲ್ಲ ಕಾಣುತ್ತದೆ,
ಕಪ್ಪೆಯ ನೀರು ಮಿಂಚುವುದು,
ಕಾವಲಿನವನು ಬನಿಯನ್ ಒಣಹಾಕುವುದು ಕೂಡ.
ಎತ್ತರವೇ, ಅಂದೆ.
ಎಷ್ಟು?
ಒಂದಾಳು. ಕೈ ಎತ್ತಿದರೆ ಒಂದೂವರೆ ಆಳು.
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೂರನೆಯದಕ್ಕೆ ಹೆಸರಿಲ್ಲ. ಅರ್ಧ ಜಲ್ಲಿಗೆ ಹೋಗಿದೆ.
ಆ ಅರ್ಧ ನಮ್ಮ ಯೂನಿಟ್ಟಿನ ಗೋಡೆಯಲ್ಲೂ ಇರಬಹುದು.
ಹತ್ತು ಗಂಟೆ, ಬಂಡೆ ಹೆಂಚಾಗಿತ್ತು,
ಚಪ್ಪಲಿಯ ಉಂಗುಟ ಕಿತ್ತಿತ್ತು, ನೀರು ಒಂದು ಗುಟುಕು.
ಏರು ಥಟ್ಟನೆ ಮುಗಿಯಿತು, ಕತ್ತರಿ ಹಾಕಿದ ಬಟ್ಟೆಯ ಅಂಚು.
ಅದರಾಚೆ ಗುಡ್ಡದ ಜಾಗದಲ್ಲಿ ಬರೀ ಆಕಾಶ,
ಒಂದು ಹದ್ದು, ನಮಗಿಂತ ಕೆಳಗೆ.
ಇದನ್ನ ಅರ್ಧ ಅಂತ ಹಿಡೀಬೇಕು, ಅಂದಳು ಎರ್ರೆಮ್ಮ.
ನಾವು ಪೂರ್ತಿ ಹತ್ತೀವಿ, ಗುಡ್ಡಾನೇ ಕಡಿಮೆ ಬಿತ್ತು.
ಹುಸೇನ್‌ಬಿ ಬೆಲ್ಟು ಬಿಚ್ಚಿ ಪಕ್ಕದಲ್ಲಿಟ್ಟಳು.
ಇಳಿಯುವಾಗ ಅದು ಅಲ್ಲೇ ಉಳಿಯಿತು,
ನಾನು ನೋಡಿದ್ದೆ, ಹೇಳಲಿಲ್ಲ.

ಸೋಮವಾರ ಪೆಡಲ್ ಮೇಲೆ ಮೀನಖಂಡ ತಾನಾಗಿ ನಡುಗುತ್ತದೆ,
ಮೆಷಿನ್ ತನ್ನಷ್ಟಕ್ಕೆ ನಾಲ್ಕು ಹೊಲಿಗೆ ಮುಂದೆ ಓಡುತ್ತದೆ.
ಹನ್ನೊಂದನೇ ಜೇಬು ಒಂದು ನೂಲು ಓರೆ ಬಂತು.
ಮೇಸ್ತ್ರಿ ಆ ಕಡೆ ತಿರುಗಿದ್ದ.
ಬಿಚ್ಚಲಿಲ್ಲ.